ಮೂರನೇ ಶಿಖರದ ಆಚೆಯ ಒರತೆ

ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಹದಿನಾರು ವರ್ಷದಿಂದ ಅವನು ಬೆಟ್ಟದಣ್ಣ. ಒದ್ದೆ ಚಾದರ ಇಸ್ತ್ರಿ ಉರುಳೆಯ ಈ ಕಡೆಯಿಂದ ಒಳಗೆ ಹೋಗಿ, ಆ ಕಡೆಯಿಂದ ಬಿಸಿಯಾಗಿ ಹೊರಗೆ ಬರುವಷ್ಟರಲ್ಲಿ ಬೆಟ್ಟದ ಒಂದು ಕತೆ ಹೇಳಿ ಮುಗಿಸುತ್ತಿದ್ದ. ಕಿಟಕಿಯ ಆವಿ ಒರೆಸಿದರೆ ಬೆಟ್ಟದ ಸಾಲು ಕಾಣುತ್ತಿತ್ತು. ಐದು ಶಿಖರ. ಒಂದು ತುದಿಯಲ್ಲಿ ಹತ್ತಿ, ಶಿಖರದಿಂದ ಶಿಖರಕ್ಕೆ ಏಣಿನ ಮೇಲೇ ನಡೆದು, ಇನ್ನೊಂದು ತುದಿಯಲ್ಲಿ ಇಳಿದು, ಸುತ್ತಿ ಹೊರಟಲ್ಲಿಗೇ ಬರಬೇಕು. ಹನ್ನೊಂದು ಗಂಟೆಯ ನಡಿಗೆ. ಆ ಕೋಣೆಯಲ್ಲಿ ಅಲ್ಲಿಗೆ ಕಾಲಿಟ್ಟವನು ಅವನೊಬ್ಬನೇ.

ಹೊಲಿಗೆಯವಳು ಬರುವ ತನಕ ಅಷ್ಟು ಸಾಕಾಗಿತ್ತು.

ಹರಿದ ಚಾದರಗಳಿಗೆ ತೇಪೆ ಹಾಕುವ ಕೆಲಸಕ್ಕೆ ಬಂದವಳು ಅವಳು. ಬಂದು ಎಂಟು ತಿಂಗಳಾಗಿತ್ತಷ್ಟೇ. ಅಲ್ಲಿ ವಾರದ ರಜೆಯನ್ನು ಎರಡು ಅರ್ಧ ದಿನಗಳಾಗಿ ಸೀಳಿ ಕೊಡುತ್ತಿದ್ದರು, ಯಂತ್ರ ನಿಲ್ಲಬಾರದೆಂದು. ಯಂತ್ರಕ್ಕೆ ಎಣ್ಣೆ ಬಿಡಲು ಮಾತ್ರ ಒಂದು ಇಡೀ ದಿನ ಇತ್ತು, ಮನುಷ್ಯರಿಗೆ ಇರಲಿಲ್ಲ. ಬೆಟ್ಟದಣ್ಣ ಹಿಂದೊಮ್ಮೆ ಇಡೀ ದಿನದ ರಜೆ ಕೇಳಿದ್ದ. ‘ರೋಗಿಗಳು ರಜಾ ತಗೋತಾರೇನಯ್ಯ?’ ಎಂದಿದ್ದ ಮೇಲ್ವಿಚಾರಕ. ಬೆಟ್ಟದಣ್ಣ ತಲೆ ತಗ್ಗಿಸಿ ಉರುಳೆಯ ಮುಂದೆ ಬಂದು ನಿಂತಿದ್ದ. ಹೊಲಿಗೆಯವಳು ತಲೆ ತಗ್ಗಿಸಲಿಲ್ಲ. ಅರ್ಜಿ ಬರೆದಳು, ಎಲ್ಲರ ಸಹಿ ಹಾಕಿಸಿದಳು, ಮೂರು ದಿನ ಊಟದ ಹೊತ್ತಿನಲ್ಲಿ ಎಲ್ಲರನ್ನೂ ಕಚೇರಿಯ ಮೆಟ್ಟಿಲ ಮೇಲೆ ಕೂರಿಸಿದಳು. ನಾಲ್ಕನೆಯ ದಿನ ಆದೇಶ ಬಂತು. ಪಾಳಿಯ ಹನ್ನೆರಡು ಜನಕ್ಕೂ ಒಟ್ಟಿಗೆ ಇಡೀ ಭಾನುವಾರ. ಬೆಟ್ಟದಣ್ಣನೂ ಚಪ್ಪಾಳೆ ತಟ್ಟಿದ. ಅಂಗೈ ಉರಿಯಿತು, ಹೊಟ್ಟೆಯಷ್ಟಲ್ಲ.

ಮೊದಲ ಭಾನುವಾರ ಬೆಟ್ಟಕ್ಕೆ ಎಂದು ತೀರ್ಮಾನವಾಯಿತು. ತನ್ನನ್ನೇ ಮುಂದಾಳು ಮಾಡುತ್ತಾರೆಂದು ಅವನು ಕಾದ. ಅವಳು ಮಡಿಸುವ ಮೇಜಿನ ಮೇಲೆ ಒಂದು ಸವೆದ ಚಾದರ ಹಾಸಿ, ಬಟ್ಟೆಗೆ ಗುರುತು ಹಾಕುವ ಕಪ್ಪು ಮಸಿಯಲ್ಲಿ ದಾರಿ ಬರೆದುಬಿಟ್ಟಿದ್ದಳು. ಎಷ್ಟು ಗಂಟೆಗೆ ಎಲ್ಲಿ, ಎಲ್ಲಿ ಕೂರುವುದು, ಯಾರು ಯಾರ ಹಿಂದೆ, ಎಲ್ಲವೂ ಅದರಲ್ಲಿತ್ತು.

‘ಬೆಳಿಗ್ಗೆ ನಾಲ್ಕಕ್ಕೆ ಹೊರಡೋದು. ಒಂಬತ್ತೂವರೆಗೆ ಮೂರನೇ ಶಿಖರ. ತಲೆಗೆ ಒಂದು ಲೀಟರ್ ನೀರು ಸಾಕು, ಭಾರ ಬೇಡ. ಇಲ್ಲಿ ತುಂಬಿಸ್ಕೊಳ್ಳೋಣ’ ಎಂದು ಮೂರನೇ ಶಿಖರದ ಆಚೆ ಬೆರಳಿಟ್ಟಳು. ಅಲ್ಲೊಂದು ಕಪ್ಪು ಸುತ್ತು. ಪಕ್ಕದಲ್ಲಿ, ‘ಒರತೆ’.

ಬೆಟ್ಟದಣ್ಣ ಬಾಗಿ ಆ ಸುತ್ತನ್ನು ನೋಡಿದ. ಆ ಒರತೆ ಅವನದೇ. ಬಂಡೆ ಸೀಳಿಕೊಂಡು ಬರುವ ಹಲ್ಲು ಜುಮ್ಮೆನ್ನಿಸುವ ನೀರು ಎಂದು ಅವನು ನೂರು ಸಲ ಬಣ್ಣಿಸಿದ್ದ. ಅವನು ಮೂರನೇ ಶಿಖರ ದಾಟಿದ್ದೇ ಇಲ್ಲ. ಅರ್ಧ ದಿನದ ರಜೆಗೆ ಅರ್ಧ ಬೆಟ್ಟ. ಮಧ್ಯಾಹ್ನ ಎರಡಕ್ಕೆ ಉರುಳೆಯ ಮುಂದೆ ನಿಂತಿರಬೇಕು. ಆಚೆಯದನ್ನೆಲ್ಲ ಅವನು ಬಾಯಲ್ಲೇ ಹತ್ತಿದ್ದ.

‘ಸರಿಯಾಗಿದೆಯಾ ಅಣ್ಣಾ? ನೀವು ಹೇಳಿದ್ದನ್ನೆಲ್ಲ ಗುರುತು ಹಾಕ್ಕೊಂಡಿದ್ದೆ.’

‘ಹೂಂ’ ಎಂದ.

ತಪ್ಪಲಿ, ಎಂದುಕೊಂಡ. ಒಂದು ಸಲ, ಹನ್ನೊಂದು ಜನರ ಎದುರಿಗೆ ಇವಳ ಲೆಕ್ಕ ತಪ್ಪಲಿ. ಮಧ್ಯಾಹ್ನದ ಬಿಸಿಲಿಗೆ ಬೋಳು ಬಂಡೆಯ ಮೇಲೆ ನಿಂತು ‘ಒರತೆ ಎಲ್ಲಿ ತಾಯೀ?’ ಎಂದು ಎಲ್ಲರೂ ಇವಳನ್ನು ಕೇಳಲಿ. ಆ ಯೋಚನೆಯನ್ನು ಅವನು ನಾಲ್ಕು ದಿನ ಬೆಲ್ಲದಂತೆ ಚಪ್ಪರಿಸಿದ.

ಶುಕ್ರವಾರ ದೊಡ್ಡಮ್ಮ ಒಂದು ಪುಟ್ಟ ಬಾಟಲಿ ತಂದಳು. ಬಟ್ಟೆ ಮಡಿಸುವವಳು, ಐವತ್ತೆಂಟು ದಾಟಿದ ಹೆಂಗಸು. ಎಡಮಂಡಿಗೆ ಸದಾ ಪಟ್ಟಿ.

‘ಮೊಮ್ಮಗಳ ಶಾಲೆ ಬಾಟಲಿ. ನಂಗೆ ಇಷ್ಟು ಸಾಕು ಕಣೋ. ಮುಂದೆ ನಿನ್ನ ಒರತೆ ಇದೆಯಲ್ಲ.’

‘ದೊಡ್ಡದು ತಗೊ ದೊಡ್ಡಮ್ಮ.’

‘ನೀನು ಹೊರ್ತೀಯಾ? ಬಾಯಲ್ಲಿ ಹೊತ್ತಷ್ಟು ಸುಲಭ ಅಲ್ಲಪ್ಪ.’

ಎಲ್ಲರೂ ನಕ್ಕರು. ಮೂರನೇ ಶಿಖರದ ಆಚೆ ಇನ್ನೂ ಐದಾರು ಗಂಟೆಯ ದಾರಿ. ಆ ಬಾಟಲಿಯಲ್ಲಿ ನಾಲ್ಕು ಗುಟುಕೂ ಹಿಡಿಯುವಂತಿರಲಿಲ್ಲ. ಹೇಳಿಬಿಡಬೇಕು ಎಂದು ಅವನು ಬಾಯಿ ತೆರೆದ. ಅಷ್ಟರಲ್ಲಿ ಕೈಗಾಡಿ ತಳ್ಳುವ, ಎಲ್ಲರೂ ಗಾಲಿ ಎಂದು ಕರೆಯುವ ಹುಡುಗ ಬಾಗಿಲಿನಿಂದಲೇ ಚಾದರದ ನಕ್ಷೆ ನೋಡಿ ಶಿಳ್ಳೆ ಹಾಕಿದ.

‘ಏನ್ ನಕ್ಷೆ ಅಕ್ಕಾ! ಇನ್ಮೇಲೆ ನೀನೇ ಬೆಟ್ಟದಕ್ಕ. ಅಣ್ಣ, ನಿಮ್ಮ ಹೆಸರು ಕೊಟ್ಟುಬಿಡಿ, ಇಸ್ತ್ರಿ ಹಾಕಿ!’

ಅವನಿಗೆ ತಡೆಯಲಾಗಲಿಲ್ಲ.

‘ಬೆಟ್ಟದಕ್ಕನಂತೆ! ಇವಳಿಗೆ ಏನು ಗೊತ್ತು ಬೆಟ್ಟ? ಆ ಒರತೆ ಇಲ್ಲವೇ ಇಲ್ಲ! ಅಷ್ಟೂ ಗೊತ್ತಿಲ್ಲ ಇವಳಿಗೆ!’

ಉರುಳೆಯ ಒಳಗೆ ಹೋದ ಚಾದರ ಹೊರಗೆ ಬಂದು ನೆಲಕ್ಕೆ ಬಿತ್ತು. ಹಿಡಿಯಲು ಯಾರೂ ಕೈ ಚಾಚಲಿಲ್ಲ.

‘ಅಣ್ಣಾ,’ ಹೊಲಿಗೆಯವಳ ದನಿ ಮೆತ್ತಗಿತ್ತು, ‘ಹೇಳಿದ್ದು ನೀವೇ ಅಲ್ವಾ?’

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ‘ನಾನು ಮೂರನೇ ಶಿಖರ ದಾಟಿಲ್ಲ. ಒಂದು ಸಲಾನೂ. ಎರಡು ಗಂಟೆಗೆ ಇಲ್ಲಿ ಇರಬೇಕಿತ್ತಲ್ಲ.’

ದೊಡ್ಡಮ್ಮ ಬಾಟಲಿಯನ್ನು ಒಮ್ಮೆ ನೋಡಿದಳು, ಅವನನ್ನೊಮ್ಮೆ. ‘ನನ್ನ ನಾಲಗೆ ಒಣಗಿಸಿ ಸಾಯಿಸ್ತಿದ್ದೆಯಲ್ಲೋ, ಪಾಪಿ.’

ಹೊಲಿಗೆಯವಳ ಮುಖ ಕೆಂಪಾಗಿತ್ತು. ‘ನಾಲ್ಕು ದಿನ ಸುಮ್ನಿದ್ರಿ. ನನ್ನ ಮೇಲೆ ಸಿಟ್ಟಿದ್ರೆ ನನಗೆ ಬೈಬೇಕಿತ್ತು. ದೊಡ್ಡಮ್ಮ ಏನು ಮಾಡಿದ್ರು?’

ಅವಳು ಕಿಟಕಿಯ ಆವಿ ಒರೆಸಿ ಬೆಟ್ಟವನ್ನು ನೋಡುತ್ತ ನಿಂತಳು. ಕೊನೆಗೆ, ‘ಹದಿನಾರು ವರ್ಷ ನಿಮಗೆ ಅರ್ಧ ಬೆಟ್ಟ ಕೊಟ್ಟವರ ಮೇಲೆ ಬರಬೇಕಾದ ಸಿಟ್ಟು ಅಣ್ಣ ಅದು. ನನ್ನ ಮೇಲೆ ಯಾಕೆ ಬಂತು?’ ಎಂದಳು. ‘ತಲೆಗೆ ಮೂರು ಲೀಟರ್. ದೊಡ್ಡಮ್ಮನ ಪಾಲಿನದೂ ನೀವೇ ಹೊರಬೇಕು.’

‘ಹೊರ್ತೀನಿ.’

ಆ ಮಸಿ ಎಷ್ಟು ಕುದಿಸಿದರೂ ಹೋಗುವಂಥದ್ದಲ್ಲ. ಅದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತು. ಅವಳು ಅಂಗೈ ಅಗಲದ ಒಂದು ಬಿಳಿ ತುಂಡು ಕತ್ತರಿಸಿ, ಒರತೆಯ ಮೇಲಿಟ್ಟು ಹೊಲಿಯಲು ಕೂತಳು. ‘ಇಲ್ಲಿ ಏನಿದೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನೋಡ್ಕೊಂಡು ಬಂದು ಬರೆಯೋಣ.’

ಬೆಟ್ಟದಣ್ಣ ನೆಲಕ್ಕೆ ಬಿದ್ದ ಚಾದರವನ್ನು ಎತ್ತಿಕೊಂಡು ಪಕ್ಕದಲ್ಲಿ ನಿಂತು ನೋಡಿದ. ತೇಪೆಯ ನಾಲ್ಕು ಅಂಚೂ ಅಳತೆಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರವಾಗಿದ್ದವು. ಅವನಿಗೆ ಮತ್ತೆ ಹೊಟ್ಟೆ ಉರಿಯಿತು.