ಶುಕ್ರವಾರ ಹಕ್ಕಿ ನೋಡಲು ಬಂದವರು

ನನ್ನ ಗಂಡ ಶ್ರೀಕಾಂತನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಇಲ್ಲಿರಲು ಕೊಡುವ ಪರವಾನಗಿ ಇಕಾಮಾ ನವೀಕರಣವಾದರೂ, ನಾನು ಹೋಳಿಗೆ ಮಾಡಿದರೂ, ಕೊಲ್ಲಿ ನಾಡಿನ ಈ ಫಹಾಹೀಲಿನ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗ್ರೂಪಿಗೆ ಸುದ್ದಿ ಮುಟ್ಟಲೇಬೇಕು. ಪರದೇಶದಲ್ಲಿ ಬೆನ್ನು ತಟ್ಟಲು ಬೇರೆ ಯಾರಿದ್ದಾರೆ, ಅದು ನನಗೂ ಗೊತ್ತು. ಆದರೆ ಈ ಸಲ ಅವನು ಹಂಚಿದ್ದು ಮಗಳ ಹಕ್ಕಿಯನ್ನು.

ನೇತ್ರಾಳ ಒಂಬತ್ತನೇ ಕ್ಲಾಸಿಗೂ ಗದಗದ ಕಡೆ ಕೆರೆ ದಂಡೆಯ ಒಂದು ಶಾಲೆಗೂ ಒಪ್ಪಂದವಾಗಿತ್ತು. ಅವರವರ ಊರಿನ ಹಕ್ಕಿಗಳನ್ನು ಅವರವರು ನೋಡಿ, ಕಂಡದ್ದನ್ನು ವಿಡಿಯೋ ಕಾಲಿನಲ್ಲಿ ಹೇಳಬೇಕು. ಚಳಿಗಾಲವಿಡೀ ಆ ಮಕ್ಕಳು ಕೆರೆಗೆ ಬಂದ ಬಾತುಗಳನ್ನು ತೋರಿಸಿ ಮೆರೆದರು. ಮರಳುಗಾಡಿನಲ್ಲಿ ಹಕ್ಕಿ ಎಲ್ಲಿಂದ ಬರಬೇಕು ಎಂದು ಶರಣು ಎಂಬ ಹುಡುಗ ನಕ್ಕಿದ್ದ. ನೇತ್ರಾ ಹಟಕ್ಕೆ ಬಿದ್ದಳು. ದಿನಾ ಸಂಜೆ ನನ್ನನ್ನು ಸಮುದ್ರ ದಂಡೆಗೆ ಎಳೆದೊಯ್ದು ಕಡೆಗೂ ಮರಳ ದಂಡೆಯಲ್ಲಿ ಓಡಾಡುವ ಒಂದು ಪುಟ್ಟ ಪ್ಲೋವರ್ ಹಕ್ಕಿಯನ್ನು ಹುಡುಕಿದಳು. ಗೂಡೆಂದರೆ ಮರಳಿನಲ್ಲೊಂದು ಕುಳಿ, ಅದರಲ್ಲಿ ಬೆಣಚುಕಲ್ಲಿನಂಥ ಮೂರು ಮೊಟ್ಟೆ. ನಾವು ಹತ್ತಿರ ಹೋದರೆ ತಾಯಿ ಹಕ್ಕಿ ರೆಕ್ಕೆ ಮುರಿದವಳ ಹಾಗೆ ತೆವಳುತ್ತಾ ನಮ್ಮನ್ನು ಬೇರೆ ಕಡೆ ಸೆಳೆಯುತ್ತಿತ್ತು. ಶನಿವಾರದ ವಿಡಿಯೋ ಕಾಲಿನಲ್ಲಿ ಮರಿಗಳನ್ನೇ ತೋರಿಸುತ್ತೇನೆಂದು ನೇತ್ರಾ ಮಾತು ಕೊಟ್ಟಳು.

ಶ್ರೀಕಾಂತ ಆ ಜಾಗದ ಲೊಕೇಶನ್ ಗ್ರೂಪಿಗೆ ಹಾಕಿದ. ಮಗಳ ಸಾಧನೆ ನೋಡಲು ಶುಕ್ರವಾರ ಎಲ್ಲರೂ ಕುಟುಂಬಸಮೇತ ಬನ್ನಿ ಎಂದು ಬರೆದ.

ಬಂದರು. ಕೆಟ್ಟವರು ಒಬ್ಬರೂ ಇರಲಿಲ್ಲ, ಅದೇ ನನ್ನ ಸಂಕಟ. ಮಿರ್ಚಿ ಭಜಿ ತಂದರು, ಗಿರಮಿಟ್ ತಂದರು, ನೇತ್ರಾಳಿಗೆ ಹೊದಿಸಲು ಶಾಲನ್ನೂ ಹಾಕಲು ಹಾರವನ್ನೂ ತಂದರು. ಸಂಘದ ಅಧ್ಯಕ್ಷ ಬಸಲಿಂಗಯ್ಯನವರು ಹೆಂಗಸರು ಬಿಸಿ ಮರಳಿನ ಮೇಲೆ ಕೂರಬಾರದೆಂದು ತಾವೇ ದೊಡ್ಡ ಚಾಪೆ ಹಾಸಿದರು. ಹಿಂದೆ ಬಂದ ನಮ್ಮ ಕಾರಿನಿಂದಿಳಿದ ನೇತ್ರಾ ಓಡಿ ಬಂದು ಏಳಿ, ಏಳಿ ಎಂದು ಅವರನ್ನೆಲ್ಲ ಎಬ್ಬಿಸುವ ಹೊತ್ತಿಗೆ ಮುಗಿದಿತ್ತು. ಚಾಪೆ ಎತ್ತಿದರೆ ಅದರ ಅಡಿಗೆ ಹಳದಿ ಅಂಟಿತ್ತು. ಒಂದು ಮೊಟ್ಟೆಯಲ್ಲಿ ಕೊಕ್ಕೂ ಮೂಡಿತ್ತು. ತಾಯಿ ಹಕ್ಕಿ ಆಚೆ ಇನ್ನೂ ರೆಕ್ಕೆ ಎಳೆದುಕೊಂಡು ತೆವಳುತ್ತಿತ್ತು. ಮಕ್ಕಳು ಅದನ್ನು ಅಟ್ಟಿಸಿಕೊಂಡು ಹೋದರು.

“ಇರಲಿ ಬಿಡವ್ವಾ, ಮತ್ತ ಇಡ್ತಾವ,” ಎಂದರು ಬಸಲಿಂಗಯ್ಯನವರು. ಆಮೇಲೆ ಗ್ರೂಪ್ ಫೋಟೋ ತೆಗೆದರು. ನನ್ನ ಗಂಡನ ಮೇಲೆ ಆ ಹೊತ್ತು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಶನಿವಾರ ಕಾಲ್ ಬಂತು. ಆ ಕಡೆ ಮಕ್ಕಳೆಲ್ಲ ಒಂದೇ ಫೋನಿಗೆ ಮುಖ ತೂರಿಸಿದ್ದರು. ಮರಿ ಎಲ್ಲಿ ಎಂದು ಶರಣು ಕೇಳಿದ. ಬೇರೆ ಗೂಡು ಹುಡುಕುತ್ತೇವೆಂದು ಹೇಳು ಎಂದು ಶ್ರೀಕಾಂತ ಪಕ್ಕದಲ್ಲಿ ಕುಳಿತು ಪಿಸುಗುಟ್ಟಿದ. ನೇತ್ರಾ ಅಪ್ಪನ ಕಡೆ ನೋಡಲೂ ಇಲ್ಲ.

“ಇಲ್ಲಿ ಹಕ್ಕಿ ಇಲ್ಲ. ನೀನು ಹೇಳಿದ್ದೇ ಖರೆ,” ಎಂದಳು. ಆಮೇಲೆ, “ನಿಮ್ಮ ಕೆರೆ ಎಲ್ಲೈತಿ ಅಂತ ಯಾರಿಗೂ ಹೇಳಬ್ಯಾಡ್ರಿ. ನನಗೂ ಹೇಳಬ್ಯಾಡ್ರಿ. ನಮ್ಮಪ್ಪ ಇಲ್ಲೇ ಕುಂತಾನ,” ಎಂದಳು.