ಸಾಕ್ಷಿಯು ಮೌನವಾಗಿದ್ದರು

ನಮ್ಮತ್ತೆಯ ಗಂಟಲಿಗೆ ಆಪರೇಷನ್ ಆಗಿ ಎರಡು ವರ್ಷವಾಯಿತು. ದನಿ ಹೋಯಿತು, ಬೈಗುಳ ಹೋಗಲಿಲ್ಲ. ಮೊದಲೆಲ್ಲ ಅವರು ಅಡುಗೆಮನೆಯಲ್ಲಿ ಬಾಯಿ ತೆರೆದರೆ ಮೂರನೇ ಮನೆಯವರು ಗಾಬರಿಯಾಗಿ ತಮ್ಮ ಒಲೆ ಆರಿಸುತ್ತಿದ್ದರು. ಮೂವತ್ತು ವರ್ಷ ನೂಲಿನ ಗಿರಣಿಯಲ್ಲಿ ಯಂತ್ರದ ಪಕ್ಕ ನಿಂತು ದುಡಿದವರ ಗಂಟಲು ಅದು, ಮನೆಗೆ ಬಂದ ಮೇಲೂ ತಗ್ಗುತ್ತಿರಲಿಲ್ಲ. ಈಗ ಬರುವುದು ಬರಿಯ ಉಸಿರು. ಆ ಉಸಿರಿನ ಭಾಷೆ ಹೆತ್ತ ಮಗನಿಗೇ ತಿಳಿಯದು. ಬೈಸಿಕೊಂಡು ಬೈಸಿಕೊಂಡು ಪಳಗಿದ ಕಿವಿ ನನ್ನದಾದ್ದರಿಂದ ನನಗೆ ಮಾತ್ರ ತಿಳಿಯುತ್ತದೆ.

"ಅಮ್ಮ ಏನಂತಾರೆ?" ಎಂದು ನಮ್ಮ ಯಜಮಾನರು ದಿನಕ್ಕೆ ಹತ್ತು ಸಲ ಕೇಳುತ್ತಾರೆ.

"ನಿಮ್ಮನ್ನ ಸೋಮಾರಿ ಅಂತಿದ್ದಾರೆ" ಎನ್ನುತ್ತೇನೆ. ಅತ್ತೆ ಹಾಗೆ ಅಂದಿರದ ದಿನವೂ ಒಮ್ಮೊಮ್ಮೆ ಅನ್ನುತ್ತೇನೆ. ಅದು ಮನೆಯಲ್ಲಿ ಮಾತ್ರ. ಕೆಲಸದ ಜಾಗದಲ್ಲಿ ಯಾರ ಮಾತಿಗೂ ಒಂದಕ್ಷರ ಸೇರಿಸಿದವಳಲ್ಲ ನಾನು.

ನಾನು ಕೋರ್ಟಿನಲ್ಲಿ ಟೈಪಿಸ್ಟ್. ಇಪ್ಪತ್ತೆರಡು ವರ್ಷದ ಸರ್ವಿಸು. ನ್ಯಾಯಾಧೀಶರ ಎತ್ತರದ ಮೇಜಿನ ಕೆಳಗೆ, ಸಾಕ್ಷಿಯ ಕಟಕಟೆಗೆ ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ನನ್ನ ಕುರ್ಚಿ. ಬೇರೆಯವರ ಬಾಯಿಂದ ಬಿದ್ದದ್ದನ್ನೆಲ್ಲ ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ, ನಾನು ಬಾಯಿ ತೆರೆಯುವುದಲ್ಲ. ಇಷ್ಟು ವರ್ಷದಲ್ಲಿ ಅಲ್ಲಿ ಗಟ್ಟಿಯಾಗಿ ಆಡಿದ ಮಾತು ಎರಡೇ. "ಸ್ವಾಮಿ, ಕಾಗದ ಮುಗೀತು." "ಸ್ವಾಮಿ, ಕರೆಂಟು ಹೋಯ್ತು."

ಅತ್ಯಾಚಾರದ ಕೇಸುಗಳಲ್ಲಿ ಟೈಪಿಸ್ಟಿಗೆ ಒಂದು ಅನುಕೂಲವಿದೆ, ಹೇಳಲು ನಾಚಿಕೆಯಾಗುತ್ತದೆ. ಪ್ರಶ್ನೆಗಳು ಬದಲಾಗುವುದೇ ಇಲ್ಲ. ವಕೀಲರು ಬದಲಾಗುತ್ತಾರೆ, ಕೋಟು ಬದಲಾಗುತ್ತದೆ, ಪ್ರಶ್ನೆ ಅದೇ. ಹಾಗಾಗಿ ಒಂದೊಂದಕ್ಕೂ ಒಂದೊಂದು ಕೀ ಗೊತ್ತುಮಾಡಿಟ್ಟಿದ್ದೇನೆ. ಎಫ್ ಮೂರು ಒತ್ತಿದರೆ "ಆ ದಿನ ನೀವು ಯಾವ ಉಡುಪು ಧರಿಸಿದ್ದಿರಿ?" ಎಂದು ಇಡೀ ಸಾಲು ತಾನೇ ಬಂದು ಕೂರುತ್ತದೆ. ಎಫ್ ನಾಲ್ಕು, "ಅಲ್ಲಿಗೆ ಒಬ್ಬರೇ ಏಕೆ ಹೋದಿರಿ?" ಎಫ್ ಐದು, "ಏಕೆ ಕೂಗಲಿಲ್ಲ?" ಉತ್ತರಗಳಿಗೆ ಕೀ ಇಲ್ಲ. ಒಬ್ಬೊಬ್ಬಳದು ಒಂದೊಂದು, ಅಕ್ಷರ ಅಕ್ಷರ ಹೊಡೆಯಬೇಕು. ಒಂದೇ ಒಂದು ಉತ್ತರಕ್ಕೆ ಮಾತ್ರ ಇದೆ, ಎಫ್ ಏಳು: "ಸಾಕ್ಷಿಯು ಉತ್ತರ ನೀಡದೆ ಮೌನವಾಗಿದ್ದರು." ಒತ್ತಿ ಒತ್ತಿ ಆ ಕೀಯ ಮೇಲಿನ ಅಚ್ಚು ಅಳಿಸಿಹೋಗಿದೆ.

ಅವತ್ತು ಬೆಳಿಗ್ಗೆ ಅತ್ತೆ ಪೇಪರು ಹಿಡಿದು ಕೂತಿದ್ದರು. ದೊಡ್ಡ ಲಾಂಡ್ರಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ ಅಲ್ಲಿನ ಸೂಪರ್‌ವೈಸರ್ ಮೇಲೆ ಕೊಟ್ಟ ದೂರು, ಅವತ್ತೇ ವಿಚಾರಣೆ, ಎಂದು ಮೂಲೆಯಲ್ಲಿ ನಾಲ್ಕು ಸಾಲು. ಅದರ ಮೇಲೆ ಬೆರಳಿಟ್ಟು ಅತ್ತೆ ಉಸಿರಿದರು: "ಹಾಡಹಗಲು. ಅಷ್ಟು ಜನ ಕೆಲಸ ಮಾಡೋ ಜಾಗ. ಕೂಗಿದ್ರೆ ಯಾರಾದ್ರೂ ಬರ್ತಿರ್ಲಿಲ್ವೇನೇ?"

ನಮ್ಮನೆಯಲ್ಲೂ ಎಫ್ ಐದು ಇದೆ ಅಂದುಕೊಂಡು ಡಬ್ಬಿ ಎತ್ತಿಕೊಂಡು ಹೊರಟೆ.

ಇಂಥ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಒಳಗಿದ್ದದ್ದು ಬೆರಳೆಣಿಕೆಯ ಜನ. ಸೂಪರ್‌ವೈಸರ್ ಪರದೆಯ ಆಚೆ. ಅವನ ಪರವಾಗಿ ನಿಂತವರು ‘ಹಾಗಾದರೆ’ ವಕೀಲರು. ಪ್ರತಿ ಪ್ರಶ್ನೆಯನ್ನೂ "ಹಾಗಾದರೆ" ಎಂದೇ ಶುರುಮಾಡುತ್ತಾರೆ, ಕ್ಯಾಂಟೀನಿನಲ್ಲಿ ಕಾಫಿ ಕೇಳುವಾಗಲೂ. ಮೇಲೆ ಒಂದು ಫ್ಯಾನು, ನನಗಿಂತ ಹೆಚ್ಚು ಸರ್ವಿಸಿನದು, ಟಕ ಟಕ ಎಂದು ಇಡೀ ದಿನ ಬಡಿದುಕೊಳ್ಳುತ್ತದೆ. ಹುಡುಗಿ ಕಟಕಟೆ ಹತ್ತಿದಳು. ಇಪ್ಪತ್ತೆರಡೋ ಇಪ್ಪತ್ಮೂರೋ. ಕೈಯ ಚರ್ಮ ಮಾತ್ರ ಸೋಡಾಪುಡಿಗೆ ಬೆಂದು ಅರವತ್ತರ ಅಜ್ಜಿಯದರಂತಿತ್ತು. ದನಿಯಂತೂ ನಮ್ಮತ್ತೆಯ ದನಿಗೆ ತಂಗಿ, ಬರಿಯ ಉಸಿರು.

ಎಫ್ ಮೂರು ಆಯಿತು. ಸಮವಸ್ತ್ರ ಅಂದಳು. ಎಫ್ ನಾಲ್ಕು ಆಯಿತು. ಊಟದ ಬಿಡುವಿನಲ್ಲಿ ಉಳಿದವರೆಲ್ಲ ಮಹಡಿಯ ಮೇಲಿದ್ದರು, ಒದ್ದೆ ಬಟ್ಟೆ ತೆಗೆಯುವ ಸರದಿ ತನ್ನದು ಅಂದಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಎಫ್ ಐದೂ ಬಂತು.

"ಹಾಗಾದರೆ, ಮಹಡಿ ಮೇಲೆ ಹನ್ನೊಂದು ಜನ ಇದ್ದರು. ಒಬ್ಬರಿಗೂ ಏನೂ ಕೇಳಿಸಲಿಲ್ಲ ಅಂತ ಅವರೇ ಹೇಳಿಕೆ ಕೊಟ್ಟಿದ್ದಾರೆ. ಏಕೆ ಕೂಗಲಿಲ್ಲ?"

ಅವಳ ತುಟಿ ಅಲುಗಿತು.

ವಕೀಲರು ಎರಡು ಎಣಿಸುವಷ್ಟು ಕಾದರು. "ಉತ್ತರ ಇಲ್ಲ ಸ್ವಾಮಿ. ದಾಖಲಾಗಲಿ."

ಮೇಲಿನಿಂದ ನ್ಯಾಯಾಧೀಶರು ತಲೆಯಾಡಿಸಿದರು. ನನ್ನ ಬೆರಳು ಹೋಗಿ ಎಫ್ ಏಳು ಒತ್ತಿತು. ತೆರೆಯ ಮೇಲೆ ಸಾಲು ಬಂದು ಕೂತಿತು: ಸಾಕ್ಷಿಯು ಉತ್ತರ ನೀಡದೆ ಮೌನವಾಗಿದ್ದರು.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಕೋರ್ಟಿನಲ್ಲಿ ಆ ಬಂಗಾರವೆಲ್ಲ ಎದುರುಪಕ್ಷದವರ ಪಾಲು. ನಾಳೆ ಅವರು ಇದೇ ಸಾಲನ್ನು ಎತ್ತಿ ಹಿಡಿದು, ಕೂಗಲಿಲ್ಲ ಅಂದರೆ ಒಪ್ಪಿಗೆ ಇತ್ತು ಎನ್ನುತ್ತಾರೆ. ಎಷ್ಟು ಸಲ ಕೇಳಿಲ್ಲ ನಾನು! ಆದರೆ ಅವಳು ಮೌನವಾಗಿರಲಿಲ್ಲ. ಅವಳ ಉತ್ತರ ನನ್ನ ಕಿವಿಯೊಳಗೆ ಬಂದು ಕೂತಿತ್ತು, ಬೆರಳು ಅದಕ್ಕೂ ಮೊದಲೇ ಓಡಿತ್ತು. ಹೀಗೆ ಓಡಿದ್ದು ಇದೇ ಮೊದಲೋ, ಅಥವಾ ಆ ಕೀ ಸವೆದದ್ದೇ ಹೀಗೋ ಎಂದು ಹೊಳೆಯಿತು. ನಾಚಿಕೆಯಾಯಿತು, ಕೋಪವೂ ಬಂತು, ಎರಡೂ ನನ್ನ ಮೇಲೆಯೇ.

"ಹಾಗಾದರೆ ಮುಂದಿನ ಪ್ರಶ್ನೆ..."

ನಾನು ಎದ್ದು ನಿಂತೆ.

"ಕಾಗದ ಮುಗೀತೇನಮ್ಮಾ?" ಎಂದರು ನ್ಯಾಯಾಧೀಶರು.

"ಇಲ್ಲ ಸ್ವಾಮಿ. ಸಾಕ್ಷಿ ಉತ್ತರ ಕೊಟ್ಟಿದ್ದಾರೆ. ನಾನು ತಪ್ಪಾಗಿ ಹೊಡೆದೆ."

‘ಹಾಗಾದರೆ’ ವಕೀಲರು ನನ್ನ ಕಡೆ ನೋಡಿದರು, ಕುರ್ಚಿಗೆ ಬಾಯಿ ಬಂದಿದ್ದರೂ ಆ ನೋಟದಲ್ಲಿ ಅಷ್ಟು ಆಶ್ಚರ್ಯ ಇರುತ್ತಿರಲಿಲ್ಲ. "ಇದೇನು ಸ್ವಾಮಿ, ಟೈಪಿಸ್ಟೂ ಸಾಕ್ಷಿ ಹೇಳ್ತಾರಾ?"

"ಏನಂದ್ರು ಅಂತ ನಾನು ಹೇಳಲ್ಲ ಸ್ವಾಮಿ" ಎಂದೆ. "ಅವರನ್ನೇ ಕೇಳಿ. ನನ್ನ ಕುರ್ಚಿಗೆ ಕೇಳಿಸಿತು, ತಮ್ಮ ಎತ್ತರಕ್ಕೆ ಕೇಳಿಸಿರಲಿಕ್ಕಿಲ್ಲ."

ಆಡಿದ ಮೇಲೆ ಗೊತ್ತಾಯಿತು, ಎಂಥ ಮಾತು ಆಡಿದೆ ಎಂದು. ಕೆಲಸ ಹೋಯಿತು ಅಂದುಕೊಂಡೆ. ನ್ಯಾಯಾಧೀಶರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಮೇಲೆ ನೋಡಿದರು. "ಯಾರಾದ್ರೂ ಮೊದಲು ಆ ಫ್ಯಾನ್ ಆಫ್ ಮಾಡ್ರಪ್ಪಾ."

ಟಕ ಟಕ ನಿಧಾನವಾಯಿತು, ನಿಂತಿತು. ಅಷ್ಟು ವರ್ಷದಲ್ಲಿ ಆ ಕೋಣೆ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕಂಡಿರಲಿಲ್ಲ.

"ಏನಂದೆಮ್ಮಾ? ಅವಸರ ಇಲ್ಲ, ಹೇಳು."

"ಕೂಗಿದೆ" ಎಂದಳು ಹುಡುಗಿ. "ತುಂಬ ಕೂಗಿದೆ. ಮಷೀನ್ ಓಡ್ತಿತ್ತು."

"ಯಾವ ಮಷೀನು?"

"ಹಿಂಡೋದು. ಅದು ಓಡ್ತಿದ್ರೆ ನಾವು ಕೈಸನ್ನೇಲೇ ಮಾತಾಡೋದು. ಸೂಪರ್‌ವೈಸರೇ ಆನ್ ಮಾಡಿದ್ರು." ಅವಳು ಸೋಡಾಪುಡಿಯ ಕೈಗಳನ್ನು ನೋಡಿಕೊಂಡಳು. "ಒಳಗೆ ಬಟ್ಟೆ ಇರ್ಲಿಲ್ಲ. ಖಾಲಿ ಮಷೀನ್ ಆನ್ ಮಾಡಿದ್ರು."

ವಕೀಲರು "ಹಾಗಾದರೆ" ಎಂದರು. ಅದರಾಚೆ ಏನೂ ಬರಲಿಲ್ಲ.

ನಾನು ಆ ಸಾಲನ್ನು ಅಳಿಸಿ ಅವಳ ಮಾತನ್ನು ಅಕ್ಷರ ಅಕ್ಷರ ಹೊಡೆದೆ. ಸಂಜೆ ಅವಳು ಸಹಿ ಹಾಕುವ ಮೊದಲು ಹಾಳೆಯ ಮೇಲೆ ಬೆರಳಾಡಿಸುತ್ತ ಓದಿದಳು, "ಖಾಲಿ ಮಷೀನ್" ಎಂಬಲ್ಲಿ ಬೆರಳು ನಿಂತಿತು. ಆಮೇಲೆ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು. ತೀರ್ಪು ಇನ್ನೂ ದೂರವಿದೆ. ನನಗೊಂದು ನೋಟೀಸು ಬಂದರೂ ಬರಬಹುದು, ಬರಲಿ. ಹೊರಡುವ ಮುಂಚೆ ಎಫ್ ಏಳರಲ್ಲಿದ್ದ ಸಾಲನ್ನು ತೆಗೆದುಹಾಕಿದೆ. ಇನ್ನು ಮೇಲೆ ಮೌನವನ್ನೂ ಕೈಯಲ್ಲೇ ಹೊಡೆಯುತ್ತೇನೆ, ಅಷ್ಟು ಹೊತ್ತಾದರೂ ಕಿವಿ ಕೆಲಸ ಮಾಡಲಿ.

ಮುಚ್ಚಿದ ಬಾಗಿಲ ಮಾತನ್ನು ಮನೆಗೆ ತರುವಂತಿಲ್ಲ, ತರಲೂ ಇಲ್ಲ. ಅತ್ತೆಯ ಪಕ್ಕ ಕೂತು ಹುರುಳಿಕಾಯಿ ನಾರು ತೆಗೆಯುತ್ತ ಒಂದೇ ಒಂದು ಕೇಳಿದೆ. "ಅತ್ತೆ, ಗಿರಣೀಲಿ ಮಷೀನ್ ಓಡ್ತಿದ್ದಾಗ ಪಕ್ಕದವರು ಕೂಗಿದ್ರೆ ಕೇಳಿಸ್ತಿತ್ತಾ?"

ಅತ್ತೆ ಉಸಿರಲ್ಲೇ ನಕ್ಕರು. "ಪಕ್ಕದವರದಿರಲಿ, ನಾನು ಕೂಗಿದ್ದು ನನಗೇ ಕೇಳ್ತಿರ್ಲಿಲ್ಲ ಕಣೇ."

ನಗು ಅಲ್ಲಿಗೇ ನಿಂತಿತು. ಕೈಯಲ್ಲಿದ್ದ ಕಾಯಿ ತಟ್ಟೆಗೆ ಬಿತ್ತು.

"ಉದ್ದ ಜಡೆಯವಳು ಅಂತ ಒಬ್ಬಳಿದ್ದಳು" ಎಂದರು. "ನನ್ನ ಪಕ್ಕದ ಮಷೀನು. ಮೇಸ್ತ್ರಿ ಅವಳನ್ನ ಗೋದಾಮಿಗೆ ಎಳ್ಕೊಂಡು ಹೋದ. ‘ಕೂಗಿದೆ, ಬೇಕಾದ್ರೆ ಇವಳನ್ನ ಕೇಳಿ’ ಅಂತ ಮ್ಯಾನೇಜರ್ ಮುಂದೆ ನನ್ನ ಕಡೆ ಕೈ ತೋರಿಸಿದಳು. ನನ್ನ ಕೇಳಿದ್ರು. ನನಗೇನೂ ಕೇಳಿಸ್ಲಿಲ್ಲ ಅಂದೆ. ನಿಜಾನೇ ಹೇಳಿದ್ದೆ ಕಣೇ, ಸುಳ್ಳು ಹೇಳ್ಲಿಲ್ಲ. ಅವರು, ಅವಳು ಕೂಗಲಿಲ್ಲ ಅಂತ ಬರ್ಕೊಂಡ್ರು. ಅವಳನ್ನೇ ಕೆಲಸದಿಂದ ತೆಗೆದ್ರು. ನಾನೂ ಅಷ್ಟೇ, ಇಷ್ಟು ವರ್ಷ ಅವಳು ಕೂಗಲೇ ಇಲ್ಲ ಅಂತಲೇ ಅಂದ್ಕೊಂಡಿದ್ದೆ."

ಅವರ ಕೈ ಹಿಡಿದುಕೊಂಡೆ.

ಹೊರಕೋಣೆಯಿಂದ, ಟೀವಿಯ ಗದ್ದಲದ ನಡುವಿನಿಂದ ಯಜಮಾನರ ದನಿ ಬಂತು. "ಅಮ್ಮ ಏನಂತಾರೆ?"

ಬಾಯಿ ಅಭ್ಯಾಸದಂತೆ "ನಿಮ್ಮನ್ನ ಸೋಮಾರಿ" ಎನ್ನಲು ಹೊರಟಿತ್ತು. ಅತ್ತೆ ನನ್ನ ಮಣಿಕಟ್ಟು ಒತ್ತಿದರು.

"ಹೇಳು ಅವನಿಗೆ" ಎಂದರು. "ನಾನು ಅಂದಿದ್ದು ಅಂದ ಹಾಗೇ ಹೇಳು. ಒಂದಕ್ಷರ ಬಿಡಬೇಡ."

ನಾನು ಎದ್ದು ಹೋಗಿ ಮೊದಲು ಟೀವಿ ಆರಿಸಿದೆ.