ಎದೆಯೆತ್ತರದಲ್ಲಿ ಐದು ಗಿಡ

ಊರಿನ ಬೀದಿಮರಗಳ ಹಳೆಯ ಕಾಯಿದೆಯನ್ನು ಹೊಸದಾಗಿ ಬರೆದು ಮುಗಿಸಿದ ದಿನ ಪುರಸಭೆಯ ಗುಮಾಸ್ತರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಜ್ಜಂದಿರ ಕಾಲದ ಕಾಯಿದೆಯಲ್ಲಿ ಮರ ಎಂದರೇನು ಎಂದೇ ಹೇಳಿರಲಿಲ್ಲ, ಪಾಪ, ಅವರಿಗೆ ಮರ ನೋಡಿದರೆ ಗೊತ್ತಾಗುತ್ತಿತ್ತು. ಗುಮಾಸ್ತರು ಖಚಿತವಾಗಿ ಬರೆದರು: ಎದೆಯೆತ್ತರದಲ್ಲಿ ಕಾಂಡದ ಸುತ್ತಳತೆ ಎರಡು ಅಡಿ ಇದ್ದರೆ ಮರ, ಕಡಿಯಲು ಅನುಮತಿ ಬೇಕು. ಅದಕ್ಕಿಂತ ಕಡಿಮೆಯಿದ್ದರೆ ಗಿಡ, ಯಾರನ್ನೂ ಕೇಳಬೇಕಿಲ್ಲ. ಕರಡನ್ನು ನೋಟಿಸ್ ಬೋರ್ಡಿಗೆ ಅಂಟಿಸಿ, ಆಕ್ಷೇಪಣೆಗೆ ಮೂವತ್ತು ದಿನ ಕೊಟ್ಟರು. ಇಪ್ಪತ್ತೊಂಬತ್ತು ದಿನ ಒಂದು ನರಪಿಳ್ಳೆಯೂ ಬರಲಿಲ್ಲ.

ಮೂವತ್ತನೆಯ ದಿನ ಅರ್ಜಿ ಹಿಡಿದು ಬಂದವರು ಅವರ ಹೆಂಡತಿ. ಮನೆಯೆದುರಿನ ಬೀದಿಮರದ ನೆರಳಿನಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ದುಡಿಯುವ ಆಕೆಯ ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

"ಮನೇಲೇ ಹೇಳಬಹುದಿತ್ತಲ್ಲೇ?" ಗುಮಾಸ್ತರು ಪಿಸುಗುಟ್ಟಿದರು.

"ಮನೇಲಿ ಹೇಳಿದ್ದು ನಿಮ್ಮ ಕಿವಿಗೆ ಯಾವತ್ತು ಬಿದ್ದಿದೆ? ಈ ಆಫೀಸಲ್ಲಾದ್ರೆ ಲಿಖಿತ ಉತ್ತರ ಕೊಡ್ಲೇಬೇಕು. ಕರಡು ಬರೆದೋರೇ ಕೊಡಬೇಕು ಅಂತ ನೀವೇ ಹಾಕಿದೀರಿ."

ಅರ್ಜಿಯಲ್ಲಿ ಇದ್ದದ್ದಿಷ್ಟು. ಆ ಮರ ಮೊಣಕಾಲೆತ್ತರದಲ್ಲೇ ಐದಾಗಿ ಒಡೆದಿದೆ. ಎದೆಯೆತ್ತರದಲ್ಲಿ ಒಂದೊಂದು ಕವಲೂ ಒಂದೂವರೆ ಅಡಿ. ಹೊಸ ಕಾಯಿದೆಯ ಪ್ರಕಾರ ಅಲ್ಲಿ ಮರವೇ ಇಲ್ಲ.

"ರಸ್ತೆ ಕಂಟ್ರಾಕ್ಟರು ಬೆಳಿಗ್ಗೆ ಬಂದು ಅಳೆದು, ನಗ್ತಾ ಹೋದ. ಕಾಯಿದೆ ಜಾರಿಯಾದ ದಿನವೇ ಗರಗಸ ತರ್ತಾನಂತೆ. ತೋಳು ಅಳೆದು, ಇದು ಅಂಗಿಯೇ ಅಲ್ಲ ಅನ್ನೋರನ್ನ ನಾನು ಇವತ್ತೇ ನೋಡಿದ್ದು. ಐದನ್ನೂ ಕೂಡಿಸಿ ಅಳೀರಿ."

ದಿನಾ ಆ ಕೊಂಬೆಗಳಡಿ ತಲೆ ಬಗ್ಗಿಸಿ ಆಫೀಸಿಗೆ ಬರುತ್ತಿದ್ದ ಗುಮಾಸ್ತರು ಒಮ್ಮೆಯೂ ಅದರ ಬುಡ ನೋಡಿರಲಿಲ್ಲ. ನಿಜವಾಗಿ ನಾಚಿಕೆಯಾಯಿತು.

ಉತ್ತರದ ನಮೂನೆಯಲ್ಲಿ ಎರಡೇ ವಾಕ್ಯ, ಒಂದನ್ನು ಹೊಡೆದುಹಾಕಬೇಕು: "ಆಕ್ಷೇಪಣೆ ತಿರಸ್ಕರಿಸಲಾಗಿದೆ", "ಆಕ್ಷೇಪಣೆ ಸರಿಯಾಗಿದೆ, ತಪ್ಪನ್ನು ತಿದ್ದಲಾಗಿದೆ". ಇಪ್ಪತ್ತು ವರ್ಷದ ಸಂಸಾರದಲ್ಲಿ ಎರಡನೆಯದನ್ನು ಅವರು ಬಾಯಿಮಾತಿಗೂ ಆಡಿದವರಲ್ಲ. ಅಕ್ಕಪಕ್ಕದ ಮೇಜುಗಳಲ್ಲಿ ಪೆನ್ನುಗಳು ನಿಂತವು. ಗುಮಾಸ್ತರು ಮೊದಲನೆಯದನ್ನು ಹೊಡೆದುಹಾಕಿ, ಸಹಿ ಮಾಡಿ, ಸೀಲು ಒತ್ತಿದರು.

ಹೆಂಡತಿ ಎರಡು ಸಲ ಓದಿದರು.

"ಇನ್ನೊಂದು ಪ್ರತಿ ಕೊಡಿ."

"ಕಂಟ್ರಾಕ್ಟರಿಗೆ ತೋರಿಸೋಕೆ ಒಂದು ಸಾಲ್ದಾ?"

"ಅವನಿಗೆ ಒಂದು ಸಾಕು," ಎಂದರು ಆಕೆ. "ಇನ್ನೊಂದು ಮನೇಲಿರ್ಲಿ. ನಿಮಗೆ ಆಗಾಗ ತೋರಿಸ್ಬೇಕಾಗತ್ತೆ."